ಯಂತ್ರದೊಡನೆ ಬರೆದುಕೊಂಡ ಕರಾರು

ರಾಜ್ಯೋತ್ಸವದ ಈ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪ್ಪಣೆ ಮಾಡಿದಾಗ, ಮಯೂರಶರ್ಮನಿಂದ ಹಿಡಿದು ಏಕೀಕರಣದ ವರೆಗೆ ಬರೆಯತಕ್ಕದ್ದನ್ನೆಲ್ಲ ನನಗಿಂತ ಬಲ್ಲವರು ಈಗಾಗಲೇ ಬರೆದಿದ್ದಾರೆಂದು ಅರಿಕೆ ಮಾಡಿಕೊಂಡೆನು. “ಹಾಗಾದರೆ ನಿಮಗೆ ಗೊತ್ತಿರುವುದನ್ನೇ ಬರೆಯಿರಿ” ಎಂದು ಅವರು ಪಟ್ಟು ಹಿಡಿದರು. ನಾನೋ ಬಿ.ಕಾಂ. ಪರೀಕ್ಷೆ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತೆ ಮಾಡುವವನು. ನನಗೆ ಗೊತ್ತಿರುವುದು ಕೀರ್ದಿ, ಖತಾವಣಿ ಮತ್ತು ಗಿರಾಕಿಗಳ ತಕರಾರು. ಆ ತಕರಾರುಗಳಲ್ಲಿ ಒಂದರ ಬೆನ್ನು ಹತ್ತಿ ಹೋದಾಗ ದೊರೆತ ಚರಿತ್ರೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಇದರಲ್ಲಿ ರಾಜರೂ ಇಲ್ಲ, ಯುದ್ಧಗಳೂ ಇಲ್ಲ. ಆದರೆ ನಮ್ಮ ಖರಾಡಿಯ ಇಯಾನ್ ಕಟ್ಟಡಗಳಲ್ಲಿಯೂ ಝೆನ್ಸಾರ್ ಆವರಣದಲ್ಲಿಯೂ ನಮ್ಮ ಮನೆಯ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಹಗಲಿರುಳೆನ್ನದೆ ದುಡಿಯುತ್ತಿರುವ ಕಸುಬಿಗೆ ಇದು ಸಂಬಂಧಪಟ್ಟಿದೆ. “ಮಗ ಏನು ಮಾಡುತ್ತಾನೆ?” ಎಂದು ಊರಿನಿಂದ ಬಂದವರು ಕೇಳಿದರೆ “ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಾನೆ” ಎಂದಷ್ಟೇ ಹೇಳಬಲ್ಲ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಕಳೆದ ಮಳೆಗಾಲದ ಮಾತು. ಬಾಗಲಕೋಟೆಯ ಕಡೆಯಿಂದ ಮಗನ ಮನೆಗೆ ಬಂದು ನೆಲೆಸಿದ ನಿವೃತ್ತ ಹಿರಿಯರೊಬ್ಬರು ನನ್ನ ಖಿಡಕಿಯ ಮುಂದೆ ಬಂದು ನಿಂತರು. ಬೇರೆ ಯಾವುದೋ ಬ್ಯಾಂಕಿನ ಎ.ಟಿ.ಎಂ. ಯಂತ್ರದಲ್ಲಿ ಅವರು 5,000 ರೂಪಾಯಿ ತೆಗೆಯಹೋಗಿದ್ದರು. ಯಂತ್ರವು ಗುರುಗುಟ್ಟಿತು, ಆಮೇಲೆ ಸುಮ್ಮನಾಯಿತು, ಹಣ ಬರಲಿಲ್ಲ. ಆದರೆ ಖಾತೆಯಿಂದ ಹಣ ಕಡಿತವಾಯಿತೆಂಬ ಸಂದೇಶ ಮಾತ್ರ ಮೊಬೈಲಿಗೆ ತಪ್ಪದೆ ಬಂದಿತು. “ತಮ್ಮಾ, ರೊಕ್ಕ ಕೈಗೆ ಬಂದಿಲ್ಲ, ಹೋತು ಅಂತ ಬರದು ಕಳಿಸ್ಯಾರ. ಸುಳ್ಳು ಹೇಳಾವ್ರು ಯಾರು, ಯಂತ್ರನೋ ನಾನೋ?” ಎಂದರು. “ಅಜ್ಜಾರ, ಇಬ್ಬರೂ ಸುಳ್ಳು ಹೇಳಿಲ್ರೀ” ಎಂದೆ. ಆ ಉತ್ತರ ಅವರಿಗೆ ಹಿಡಿಸಲಿಲ್ಲ. ನಿಜ ಹೇಳಬೇಕೆಂದರೆ ಅಂದು ನನಗೂ ಅದು ಪೂರ್ತಿ ತಿಳಿದಿರಲಿಲ್ಲ.

ಆದದ್ದು ಇಷ್ಟು. ಯಂತ್ರವು ನಡುವಿನ ಜಾಲದ ಮೂಲಕ ಅವರ ಖಾತೆಯಿರುವ ಬ್ಯಾಂಕನ್ನು ಕೇಳುತ್ತದೆ: ಇವರಿಗೆ ಇಷ್ಟು ಹಣ ಕೊಡಬಹುದೆ? ಬ್ಯಾಂಕಿನ ಗಣಕವು ಖಾತೆಗೆ ಖರ್ಚು ಹಾಕಿ “ಕೊಡಬಹುದು” ಎಂದು ಉತ್ತರ ಕಳುಹಿಸುತ್ತದೆ. ಉತ್ತರವು ದಾರಿಯಲ್ಲಿ ಕಳೆದುಹೋದರೆ ಯಂತ್ರವು ಸ್ವಲ್ಪ ಹೊತ್ತು ಕಾದು, ಹಣ ಕೊಡದೆ, “ಆ ಖರ್ಚನ್ನು ರದ್ದು ಮಾಡಿ” ಎಂಬ ಇನ್ನೊಂದು ಸಂದೇಶ ಕಳುಹಿಸಬೇಕು. ಆ ಎರಡನೆಯ ಸಂದೇಶವೂ ಮುಟ್ಟದಿದ್ದರೆ? ಬ್ಯಾಂಕಿನ ಪುಸ್ತಕದಲ್ಲಿ ಹಣ ಹೋಗಿದೆ, ಯಂತ್ರದ ಹೊಟ್ಟೆಯಲ್ಲಿ ಹಣ ಉಳಿದಿದೆ, ಹಿರಿಯರ ಕೈ ಬರಿದಾಗಿದೆ. ಮುಂದೆ ಎರಡೂ ಕಡೆಯ ಲೆಕ್ಕ ತಾಳೆ ನೋಡುವಾಗಲೇ ಇದು ಬಯಲಾಗುವುದು. ಇಲ್ಲಿ ವಿಚಾರ ಮಾಡತಕ್ಕ ಸಂಗತಿಯೇನೆಂದರೆ, ಯಂತ್ರದ ಪ್ರೋಗ್ರಾಮು ತನ್ನ ಮಟ್ಟಿಗೆ ಸರಿ, ಬ್ಯಾಂಕಿನದು ತನ್ನ ಮಟ್ಟಿಗೆ ಸರಿ. ದೋಷವಿರುವುದು ಅವರಿಬ್ಬರ ಸಂಭಾಷಣೆಯಲ್ಲಿ.

ಗಣಕದ ಕೆಲಸದಲ್ಲಿ ಎರಡು ಜಾತಿ ಉಂಟು. ಬಡ್ಡಿ ಲೆಕ್ಕ ಹಾಕುವ ಪ್ರೋಗ್ರಾಮಿಗೆ ಅಂಕಿಗಳನ್ನು ಕೊಟ್ಟರೆ ಅದು ಉತ್ತರ ಕೊಟ್ಟು ಮುಗಿಯುತ್ತದೆ. ಉತ್ತರ ಸರಿಯೋ ತಪ್ಪೋ ಎಂದು ಪರಿಶೀಲಿಸಬಹುದು. ಇನ್ನೊಂದು ಜಾತಿಯದು ಮುಗಿಯುವುದೇ ಇಲ್ಲ. ಎ.ಟಿ.ಎಂ., ಲಿಫ್ಟು, ಟೆಲಿಫೋನ್ ವಿನಿಮಯ ಕೇಂದ್ರ, ವಿಮಾನದ ಚಾಲನೆ, ರಸ್ತೆಯ ದೀಪ—ಇವೆಲ್ಲ ಮನೆಯ ಬಾಗಿಲಲ್ಲಿ ಕುಳಿತ ಕಾವಲುಗಾರನಂತೆ ಯಾರು ಬಂದರು, ಏನು ಕೇಳಿದರು ಎಂದು ಸದಾ ಎಚ್ಚರವಾಗಿದ್ದು, ಕರೆದಾಗಲೆಲ್ಲ ಓಗೊಡುತ್ತಿರಬೇಕು. ಇಸ್ರೇಲಿನ ಡೇವಿಡ್ ಹಾರೆಲ್ ಮತ್ತು ಅಮೀರ್ ಪ್ನುಯೆಲಿ ಎಂಬ ವಿದ್ವಾಂಸರು 1985ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇವುಗಳನ್ನು ರಿಯಾಕ್ಟಿವ್ ವ್ಯವಸ್ಥೆಗಳೆಂದು ಕರೆದು, ಬೇರೆಯೇ ಒಂದು ವರ್ಗವೆಂದು ಎಣಿಸಿದರು. ನಾವು ಕನ್ನಡದಲ್ಲಿ ಓಗೊಡುವ ವ್ಯವಸ್ಥೆಗಳೆನ್ನೋಣ.

ಓಗೊಡುವುದರಲ್ಲಿ ತಪ್ಪಿದರೆ ಹೋಗುವುದು ಹಣ ಮಾತ್ರವಲ್ಲ. ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರವು 1985ರಿಂದ 1987ರ ವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಸುರಿಯಿತು. ಕೆಲವರು ಪ್ರಾಣ ಕಳೆದುಕೊಂಡರು. ಅದರ ಒಂದು ದೋಷ ಎಂಥದೆಂದರೆ, ಯಂತ್ರ ನಡೆಸುವವರು ಮೊದಲು ತಪ್ಪಾಗಿ ಒತ್ತಿದ ಅಕ್ಷರವನ್ನು ಎಂಟು ಸೆಕೆಂಡುಗಳ ಒಳಗೆ ತಿದ್ದಿದರೆ ಆ ತಿದ್ದುಪಡಿಯನ್ನು ಯಂತ್ರದ ಒಂದು ಭಾಗವು ಗಮನಿಸುತ್ತಲೇ ಇರಲಿಲ್ಲ. ಹೊಸದಾಗಿ ಕೆಲಸ ಕಲಿತವರು ನಿಧಾನವಾಗಿ ಒತ್ತುತ್ತಿದ್ದಾಗ ಕೇಡಿಲ್ಲ. ಕೈ ಪಳಗಿ ಬೇಗಬೇಗ ಒತ್ತತೊಡಗಿದ ಮೇಲೆ ಕೇಡು ಸಂಭವಿಸಿತು. ಪರೀಕ್ಷೆ ಮಾಡಿ ನೋಡುವುದರಿಂದ ಇಂತಹ ದೋಷವನ್ನು ಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ಕೌಂಟರಿನಲ್ಲಿ ಕುಳಿತು ಅಂಕಿ ಒತ್ತುವ ನಮ್ಮಂಥವರು ಚೆನ್ನಾಗಿ ಬಲ್ಲರು.

ಹಾಗಾದರೆ ಉಪಾಯವೇನು? ಯಂತ್ರವನ್ನು ಕಟ್ಟುವ ಮೊದಲೇ ಅದು ಹೇಗೆ ನಡೆದುಕೊಳ್ಳತಕ್ಕದ್ದು ಎಂಬುದನ್ನು ಎರಡು ಅರ್ಥಕ್ಕೆ ಎಡೆಯಿಲ್ಲದಂತೆ ಬರೆದಿಡುವುದು. ಮನೆ ಬಾಡಿಗೆಗೆ ಕೊಡುವಾಗ ಕರಾರುಪತ್ರ ಬರೆಯುವುದಿಲ್ಲವೆ? ಹಾಗೆಯೇ ಇದು. ಆದರೆ ಆಡುಮಾತಿನ ಕರಾರಿನಲ್ಲಿ ಸಂದಿಗ್ಧ ತಪ್ಪಿದ್ದಲ್ಲ. ಹಾರೆಲ್ಲರು 1983ರ ಸುಮಾರಿಗೆ ಇಸ್ರೇಲಿನ ವಿಮಾನ ಕಾರಖಾನೆಗೆ ವಾರಕ್ಕೊಂದು ದಿನ ಸಲಹೆಗಾರರಾಗಿ ಹೋಗುತ್ತಿದ್ದರು. ಅಲ್ಲಿ ಲಾವಿ ಎಂಬ ಯುದ್ಧವಿಮಾನದ ನಿರ್ಮಾಣ ನಡೆದಿತ್ತು. ರಡಾರಿನವರಿಗೆ ರಡಾರು ಗೊತ್ತು, ಶಸ್ತ್ರಾಸ್ತ್ರದವರಿಗೆ ಶಸ್ತ್ರಾಸ್ತ್ರ ಗೊತ್ತು. ಆದರೆ ವಿಮಾನವು ಇಂಥ ಸ್ಥಿತಿಯಲ್ಲಿರುವಾಗ ಚಾಲಕನು ಈ ಗುಂಡಿಯನ್ನು ಒತ್ತಿದರೆ ಏನಾಗಬೇಕು ಎಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡುವರು! ಸಾವಿರಾರು ಪುಟಗಳ ವಿವರಣೆ ಬರೆದಿಟ್ಟಿದ್ದರೂ ಒಂದು ಪುಟಕ್ಕೂ ಇನ್ನೊಂದು ಪುಟಕ್ಕೂ ಹೊಂದಿಕೆಯಿರಲಿಲ್ಲ.

ಆಗ ಹಾರೆಲ್ಲರು ಆ ಇಂಜಿನಿಯರುಗಳ ಜತೆಯಲ್ಲಿಯೇ ಕುಳಿತು ಚಿತ್ರ ಬರೆಯಲಾರಂಭಿಸಿದರು. ಒಂದೊಂದು ಸ್ಥಿತಿಗೆ ಒಂದೊಂದು ಚೌಕ, ಚೌಕದಿಂದ ಚೌಕಕ್ಕೆ ಬಾಣ. ಇಷ್ಟು ಮೊದಲೂ ಇದ್ದಿತು. ಅವರು ಸೇರಿಸಿದ್ದೆಂದರೆ ಚೌಕದೊಳಗೆ ಚೌಕ. ನಮ್ಮ ಎ.ಟಿ.ಎಂ. ಯಂತ್ರವನ್ನೇ ನೋಡಿ: ಅದು ಕಾರ್ಡು ಓದುತ್ತಿರಲಿ, ಗುಪ್ತ ಸಂಖ್ಯೆ ಕೇಳುತ್ತಿರಲಿ, ನೋಟು ಎಣಿಸುತ್ತಿರಲಿ, ವಿದ್ಯುತ್ತು ಹೋದರೆ ಒಂದೇ ಕಡೆಗೆ ಹೋಗಬೇಕು. ಒಳಗಿನ ಪ್ರತಿಯೊಂದು ಚೌಕದಿಂದಲೂ ಬಾಣ ಎಳೆಯುವ ಬದಲು ಎಲ್ಲವನ್ನೂ ಸುತ್ತುವರಿದ ದೊಡ್ಡ ಚೌಕದ ಅಂಚಿನಿಂದ ಒಂದೇ ಬಾಣ ಎಳೆದರೆ ಸಾಕು. ಒಂದೇ ವೇಳೆಯಲ್ಲಿ ನಡೆಯುವ ಎರಡು ಕೆಲಸಗಳನ್ನು ಅಕ್ಕಪಕ್ಕದಲ್ಲಿ ಚುಕ್ಕೆಗೆರೆ ಹಾಕಿ ತೋರಿಸುವ ಕ್ರಮವನ್ನೂ ಅವರು ತಂದರು. ಸ್ಟೇಟ್‌ಚಾರ್ಟ್ ಎಂಬ ಹೆಸರಿನ ಈ ಚಿತ್ರಭಾಷೆಯ ಪ್ರಬಂಧವು 1987ರಲ್ಲಿ ಪ್ರಕಟವಾಯಿತು. ಅದೇ ವರ್ಷ ಲಾವಿ ವಿಮಾನದ ಯೋಜನೆಯನ್ನು ಅಲ್ಲಿಯ ಸರಕಾರ ಕೈಬಿಟ್ಟಿತು. ವಿಮಾನ ಹೋಯಿತು, ಚಿತ್ರ ಉಳಿಯಿತು. ಮುಂದೆ 1997ರಲ್ಲಿ ಅಂಗೀಕೃತವಾದ ಯು.ಎಂ.ಎಲ್. ಎಂಬ ಚಿತ್ರಪದ್ಧತಿಯಲ್ಲಿ ಅದು ಸೇರಿಕೊಂಡಿತು. ನಮ್ಮ ಹುಡುಗರು ಕಾಲೇಜಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡುವುದು ಅದನ್ನೇ.

ಚಿತ್ರ ಒಂದು ದಾರಿಯಾದರೆ ತರ್ಕ ಇನ್ನೊಂದು. ನ್ಯೂಜಿಲೆಂಡಿನ ಆರ್ಥರ್ ಪ್ರಯರ್ ಎಂಬ ದಾರ್ಶನಿಕನು 1950ರ ದಶಕದಿಂದ ಭೂತ ಭವಿಷ್ಯತ್ತುಗಳಿಗಾಗಿಯೇ ಒಂದು ತರ್ಕವನ್ನು ಬೆಳೆಸಿದ್ದನು. ಆತನಿಗೆ ಯಂತ್ರಗಳ ಚಿಂತೆಯಿರಲಿಲ್ಲ. ಕಾಲವೆಂದರೇನು ಎಂಬುದೇ ಚಿಂತೆ. ಈ ತರ್ಕವನ್ನು ಗಣಕದ ಪ್ರೋಗ್ರಾಮುಗಳಿಗೆ ಅನ್ವಯಿಸಬಹುದೆಂದು 1977ರಲ್ಲಿ ತೋರಿಸಿದವರು ಮೇಲೆ ಹೇಳಿದ ಪ್ನುಯೆಲಿಯವರು. ಇದಕ್ಕಾಗಿ ಅವರಿಗೆ 1996ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಕ್ರಮೇಣ ಬೆಳೆದ ಆ ತರ್ಕದಲ್ಲಿ ಮುಖ್ಯವಾಗಿ ನಾಲ್ಕು ಮಾತುಗಳು: “ಯಾವಾಗಲೂ”, “ಎಂದಾದರೂ”, “ಮುಂದಿನ ಗಳಿಗೆಯಲ್ಲಿ”, “ಅಲ್ಲಿಯ ವರೆಗೆ”. ಇಷ್ಟರಿಂದಲೇ ಎಷ್ಟೋ ಕರಾರುಗಳನ್ನು ಬರೆಯಬಹುದು.

ಖರಾಡಿ ಬೈಪಾಸಿನ ಚೌಕದ ದೀಪವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಡ್ಡಹಾಯುವ ಎರಡು ದಾರಿಗಳಿಗೆ ಒಮ್ಮೆಗೇ ಹಸಿರು ದೀಪ ಯಾವಾಗಲೂ ಬೀಳಕೂಡದು. ಇದು ಕೇಡು ಆಗದಿರಲಿ ಎಂಬ ಕರಾರು. ಆದರೆ ಇದೊಂದನ್ನೇ ಬರೆದರೆ ಎಲ್ಲ ಕಡೆಗೂ ಕೆಂಪು ದೀಪ ಹಚ್ಚಿಟ್ಟು ಯಂತ್ರವು ಕೈಕಟ್ಟಿ ಕುಳಿತರೂ ಕರಾರು ಮುರಿದಂತಾಗಲಿಲ್ಲ! ಆದುದರಿಂದ ಎರಡನೆಯದು ಬೇಕು: ಕಾದು ನಿಂತ ಪ್ರತಿಯೊಂದು ದಾರಿಗೂ ಎಂದಾದರೂ ಹಸಿರು ಬಿದ್ದೇ ತೀರಬೇಕು, ಇದು ಒಳಿತು ಆಗಲಿ ಎಂಬ ಕರಾರು. ಲೆಸ್ಲಿ ಲ್ಯಾಂಪೋರ್ಟ್ ಎಂಬವರು ಅದೇ 1977ರಲ್ಲಿ ಈ ಎರಡು ಬಗೆಯನ್ನು ಬೇರ್ಪಡಿಸಿ ಹೇಳಿದರು. ಸಾಯಂಕಾಲ ಆರೂವರೆಗೆ ಆ ಚೌಕದಲ್ಲಿ ನಿಂತವರಿಗೆ ಎರಡನೆಯ ಕರಾರು ಯಂತ್ರಕ್ಕೆ ನೆನಪಿದೆಯೋ ಇಲ್ಲವೋ ಎಂಬ ಸಂಶಯ ಬರುವುದುಂಟು.

ಬರೆದ ಕರಾರಿಗೆ ಯಂತ್ರದ ಮಾದರಿಯು ಒಪ್ಪುತ್ತದೆಯೇ ಎಂದು ನೋಡುವವರು ಯಾರು? ಗಣಕವೇ. ಅಮೆರಿಕದಲ್ಲಿ ಕ್ಲಾರ್ಕ್ ಮತ್ತು ಎಮರ್ಸನ್ 1981ರಲ್ಲಿ, ಫ್ರಾನ್ಸಿನಲ್ಲಿ ಕೇಯ್ ಮತ್ತು ಸಿಫಾಕಿಸ್ 1982ರಲ್ಲಿ, ಮಾದರಿಯು ಮುಟ್ಟಬಹುದಾದ ಸ್ಥಿತಿಗಳನ್ನೆಲ್ಲ ಒಂದನ್ನೂ ಬಿಡದೆ ಶೋಧಿಸುವ ವಿಧಾನವನ್ನು ಕಂಡುಹಿಡಿದರು. ನಮ್ಮ ಲೆಕ್ಕ ತಪಾಸಣೆಯವರು ನೂರು ವೋಚರುಗಳಲ್ಲಿ ಹತ್ತನ್ನು ಆರಿಸಿ ನೋಡಿ ಸಹಿ ಹಾಕುತ್ತಾರೆ. ಈ ವಿಧಾನವು ನೂರನ್ನೂ ನೋಡುತ್ತದೆ, ಅದೂ ಬರಬಹುದಾದ ಎಲ್ಲ ಅನುಕ್ರಮಗಳಲ್ಲಿ. ಕರಾರು ಎಲ್ಲಿ ಮುರಿಯಿತೋ ಆ ದಾರಿಯನ್ನು ಮೊದಲಿನಿಂದ ಹೆಜ್ಜೆಹೆಜ್ಜೆಯಾಗಿ ತೋರಿಸಿಕೊಡುತ್ತದೆ. ಅಮೆಜಾನ್ ಸಂಸ್ಥೆಯವರು 2011ರಿಂದ ಲ್ಯಾಂಪೋರ್ಟರ ಟಿ.ಎಲ್.ಎ. ಪ್ಲಸ್ ಎಂಬ ಭಾಷೆಯಲ್ಲಿ ತಮ್ಮ ವ್ಯವಸ್ಥೆಗಳ ಕರಾರು ಬರೆಯತೊಡಗಿದರು. ಆಗ ಬೆಳಕಿಗೆ ಬಂದ ದೋಷಗಳಲ್ಲೊಂದು ಕಾಣಿಸಿಕೊಳ್ಳಬೇಕಾದರೆ ಕಡಮೆಯೆಂದರೆ 35 ಹೆಜ್ಜೆಗಳು ಒಂದೇ ಕ್ರಮದಲ್ಲಿ ಬೀಳಬೇಕಾಗಿತ್ತಂತೆ. ಯಾವ ಪರೀಕ್ಷಕನ ಬುದ್ಧಿಗೆ ಅದು ಹೊಳೆದೀತು?

ಇನ್ನು ನಮ್ಮ ಕಡೆಗೆ ಬರೋಣ. “ಎಂದಾದರೂ” ಎಂಬ ಮಾತು ತರ್ಕಶಾಸ್ತ್ರಜ್ಞನಿಗೆ ಸಾಕಾದರೂ ಪಿಂಚಣಿದಾರನಿಗೆ ಸಾಲದು. ಎಷ್ಟು ಹೊತ್ತಿನೊಳಗೆ, ಎಷ್ಟು ದಿನದೊಳಗೆ ಎಂಬುದು ಬೇಕು. ಕಾಲದ ಅಳತೆಯನ್ನೂ ಮಾದರಿಯೊಳಗೆ ಸೇರಿಸಿ, ಚೌಕಬಾಣಗಳಿಗೆ ಗಡಿಯಾರ ಕಟ್ಟಿಕೊಟ್ಟವರು ರಾಜೀವ್ ಆಲೂರ್ ಮತ್ತು ಡೇವಿಡ್ ಡಿಲ್. ಇವರ ಸಿದ್ಧಾಂತ 1990ರಲ್ಲಿ ಮೊದಲು ಹೊರಬಂದು 1994ರಲ್ಲಿ ವಿಸ್ತಾರವಾಗಿ ಪ್ರಕಟವಾಯಿತು. 2016ರಲ್ಲಿ ಪ್ರಥಮ ಬಾರಿಗೆ ಕೊಡಲಾದ ಅಲೊಂಜೊ ಚರ್ಚ್ ಪ್ರಶಸ್ತಿಯು ಇದಕ್ಕೇ ಸಂದಿತು. ಆಲೂರರು ಹುಟ್ಟಿದ್ದು ನಮ್ಮ ಪುಣೆಯಲ್ಲಿ, ಓದಿದ್ದು ಕಾನಪುರದ ಐ.ಐ.ಟಿ.ಯಲ್ಲಿ, ಆಮೇಲೆ ಸ್ಟ್ಯಾನ್‌ಫರ್ಡಿನಲ್ಲಿ. ಈ ಹೆಸರನ್ನು ಕೇಳಿದೊಡನೆ, ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಏಕೀಕರಣಕ್ಕಾಗಿ ಬಾಳನ್ನು ತೇಯ್ದ ಆಲೂರು ವೆಂಕಟರಾಯರು ರಾಜ್ಯೋತ್ಸವದ ವಾಚಕರಿಗೆ ನೆನಪಾಗದೆ ಇರರು. ನಾನು ಇಲ್ಲಿ ಯಾವ ಸಂಬಂಧವನ್ನೂ ಕಲ್ಪಿಸುತ್ತಿಲ್ಲ. ಹೆಸರು ಕಂಡಾಗ ನನಗಾದ ಸಂತೋಷವನ್ನಷ್ಟೇ ಹೇಳಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಪಡೆದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಬಹುಕಾಲ ಕೆಲಸ ಮಾಡಿದ ಆರ್.ಕೆ. ಶ್ಯಾಮಸುಂದರ್ ಅವರ ಹೆಸರನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಫ್ರಾನ್ಸಿನ ನೀಸ್ ನಗರದ ಸಮೀಪದಲ್ಲಿ ಜೆರಾರ್ ಬೆರಿ ಮತ್ತು ಅವರ ಸಂಗಡಿಗರು ಎಸ್ಟೆರೆಲ್ ಎಂಬ ಭಾಷೆಯನ್ನು 1980ರ ದಶಕದಲ್ಲಿ ಬೆಳೆಸಿದ್ದರು. ಅದರ ಮೂಲ ಕಲ್ಪನೆಯು ನಮ್ಮ ಬ್ಯಾಂಕಿನ ದಿನಾಂಕದಂತಿದೆ: ಬೆಳಿಗ್ಗೆ ಹತ್ತಕ್ಕೆ ಕಟ್ಟಿದ ಹಣವೂ ಮಧ್ಯಾಹ್ನ ಮೂರಕ್ಕೆ ತೆಗೆದ ಹಣವೂ ಪುಸ್ತಕದಲ್ಲಿ ಒಂದೇ ತಾರೀಖಿನವು. ಹಾಗೆಯೇ ಎಸ್ಟೆರೆಲಿನಲ್ಲಿ ಕರೆ ಮತ್ತು ಓಗೊಡುವಿಕೆ ಒಂದೇ ಕ್ಷಣದಲ್ಲಿ ಆದವೆಂದು ಎಣಿಸಲಾಗುತ್ತದೆ. ಒಂದೇ ಯಂತ್ರದೊಳಗೆ ಇದು ಸೊಗಸಾಗಿ ನಡೆಯುತ್ತದೆ. ಆದರೆ ಧಾರವಾಡದ ಶಾಖೆಗೂ ಪುಣೆಯ ಶಾಖೆಗೂ ನಡುವೆ ಹಾಗೆ ಎಣಿಸುವುದು ಹೇಗೆ? ಅಲ್ಲಿಂದ ಉತ್ತರ ಬರುವ ತನಕ ಇಲ್ಲಿ ಕಾಯಲೇಬೇಕು. ಇಂಥ ಕಾಯುವಿಕೆಗೆ ಇಂಗ್ಲೆಂಡಿನ ಟೋನಿ ಹೋರ್ 1978ರಲ್ಲಿಯೇ ಒಂದು ಭಾಷೆಯನ್ನು ರಚಿಸಿದ್ದರು. ಅದರಲ್ಲಿ ಇಬ್ಬರೂ ಒಂದೆಡೆ ಭೇಟಿಯಾದ ಹೊರತು ಮಾತು ನಡೆಯದು. ಈ ಎರಡು ಕಲ್ಪನೆಗಳನ್ನು ಒಂದುಗೂಡಿಸಿ, ಒಳಗೆ ಕ್ಷಣಮಾತ್ರದ ಓಗೊಡುವಿಕೆ, ಹೊರಗೆ ಕಾದು ಮಾಡುವ ಭೇಟಿ ಎಂಬ ಪದ್ಧತಿಯನ್ನು ಬೆರಿ, ಮುಂಬಯಿ ಐ.ಐ.ಟಿ.ಯ ಎಸ್. ರಮೇಶ್ ಹಾಗೂ ಶ್ಯಾಮಸುಂದರ್ ಮೂವರೂ ಸೇರಿ 1993ರಲ್ಲಿ ಪ್ರಕಟಿಸಿದರು. ಬಾಗಲಕೋಟೆಯ ಹಿರಿಯರ 5,000 ರೂಪಾಯಿ ಸಿಕ್ಕಿಬಿದ್ದದ್ದು ಈ ಒಳಗು ಹೊರಗುಗಳ ಸಂದಿಯಲ್ಲಿಯೇ ಎಂಬುದು ಇದನ್ನೋದಿದ ಮೇಲೆ ನನಗೆ ಹೊಳೆಯಿತು.

ಇನ್ನೊಂದು ಪ್ರಯತ್ನವಂತೂ ನಮ್ಮ ನೆರೆಯಲ್ಲಿಯೇ ನಡೆದುದು. ಖರಾಡಿಯಿಂದ ಮುಳಾ-ಮುಠಾ ಹೊಳೆಯನ್ನು ದಾಟಿ ಮುಂಢವೆಯ ಮೇಲೆ ಹಾಯ್ದರೆ ಹಡಪಸರ. ಅಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ನೆಲೆಗೊಂಡ ಟಾಟಾ ಸಂಶೋಧನ ಕೇಂದ್ರವು 1981ರಲ್ಲಿ ಸ್ಥಾಪನೆಯಾಯಿತು. ಅಲ್ಲಿಯ ಆರ್. ವೆಂಕಟೇಶ್ ಮತ್ತು ಸಹೋದ್ಯೋಗಿಗಳು ಓಗೊಡುವ ವ್ಯವಸ್ಥೆಗಳಿಗಾಗಿಯೇ ಇ.ಡಿ.ಟಿ. ಎಂಬ ಬರವಣಿಗೆಯ ಕ್ರಮವನ್ನು ರಚಿಸಿ 2014ರಲ್ಲಿ ಯುರೋಪಿನ ಸಮ್ಮೇಳನವೊಂದರಲ್ಲಿ ಮಂಡಿಸಿದರು. ಇದನ್ನು ಕಂಡಾಗ ನನ್ನಂಥ ಗುಮಾಸ್ತನಿಗೂ ಮನೆಗೆ ಬಂದಂತಾಯಿತು. ಏಕೆಂದರೆ ಇದು ಚಿತ್ರವೂ ಅಲ್ಲ, ತರ್ಕದ ಚಿಹ್ನೆಗಳೂ ಅಲ್ಲ, ಅಚ್ಚುಕಟ್ಟಾಗಿ ಗೆರೆ ಹೊಡೆದ ಕೋಷ್ಟಕ! ಎಡಗಡೆಯ ಕಾಲಮುಗಳಲ್ಲಿ ಒಳಬರುವ ಸಂಗತಿಗಳು, ಬಲಗಡೆಯಲ್ಲಿ ಯಂತ್ರ ಮಾಡತಕ್ಕದ್ದು, ಒಂದೊಂದು ಸಾಲಿಗೆ ಒಂದೊಂದು ನಿಯಮ. ಸಾಮಾನ್ಯ ಕೋಷ್ಟಕದ ಮನೆಯಲ್ಲಿ “ಗುಂಡಿ ಒತ್ತಿದೆ” ಎಂದಷ್ಟೇ ಬರೆಯಬಹುದು. ಇಲ್ಲಿ “ಒತ್ತಿ, ಬಿಟ್ಟು, ಇಷ್ಟು ಸಮಯದೊಳಗೆ ಮತ್ತೊಮ್ಮೆ ಒತ್ತಿದೆ” ಎಂಬಂಥ ಅನುಕ್ರಮವನ್ನೇ ಒಂದು ಮನೆಯಲ್ಲಿ ಅಡಕವಾಗಿ ಬರೆಯಬಹುದು. ಮೋಟಾರು ಗಾಡಿಗಳಲ್ಲಿ ಇಂಥ ನಿಯಮಗಳು ನೂರಾರು. ಗಣಿತ ಓದದ ಇಂಜಿನಿಯರನೂ ಕೋಷ್ಟಕವನ್ನು ಓದಿ “ಇದು ತಪ್ಪು, ನಾನು ಹೇಳಿದ್ದು ಇದಲ್ಲ” ಎನ್ನಬಲ್ಲನೆಂಬುದೇ ಇದರ ಹೆಚ್ಚುಗಾರಿಕೆ. ಯೂರೋಪಿನ ಭಾಷೆಗಳೆಲ್ಲಕ್ಕಿಂತ ಇದು ಮೇಲೆಂದು ಅಭಿಮಾನದಿಂದ ಹೇಳಲು ನಾನು ಹೊರಟಿಲ್ಲ. ಫ್ರೆಂಚರ ಲುಸ್ಟ್ರ್ ಎಂಬ ಭಾಷೆಯಿಂದ ಹುಟ್ಟಿದ ಸ್ಕೇಡ್ ಉಪಕರಣವು ಏರ್‌ಬಸ್ ವಿಮಾನಗಳ ತಂತ್ರಾಂಶದ ವರೆಗೂ ಹೋಗಿದೆ. ಆ ವ್ಯಾಪ್ತಿಯೇ ಬೇರೆ. ಆದರೂ ಹೊಳೆಯಾಚೆ ಇಂಥ ಕೆಲಸ ನಡೆದದ್ದು ನಮ್ಮ ಮಕ್ಕಳಿಗೆ ತಿಳಿದಿರಬೇಡವೆ?

ಹಾಗೆ ನೋಡಿದರೆ ನಿಯಮಗಳನ್ನು ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಅಡಕವಾಗಿ ಬರೆಯುವ ಹವ್ಯಾಸ ನಮಗೆ ಹೊಸದಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದಾಗ ಮೊದಲು ಸೂತ್ರ, ಆಮೇಲೆ ಅದರ ವೃತ್ತಿ, ಆಮೇಲೆ ಪ್ರಯೋಗದ ಉದಾಹರಣೆ ಎಂಬ ಕ್ರಮವನ್ನು ಹಿಡಿದನು. ಕೇಶಿರಾಜನೇ ಗಣಕ ವಿಜ್ಞಾನದ ಪಿತಾಮಹನೆಂದು ಯಾರಾದರೂ ವೇದಿಕೆಯ ಮೇಲೆ ಭಾಷಣ ಮಾಡುವ ಮೊದಲು ಹೇಳಿಬಿಡುತ್ತೇನೆ, ನಾನು ಹಾಗೆ ಹೇಳಿಲ್ಲ.

ಈ ಕರಾರುಗಳ ದೌರ್ಬಲ್ಯವನ್ನೂ ಮುಚ್ಚಿಡಬಾರದು. ಶೋಧಿಸಬೇಕಾದ ಸ್ಥಿತಿಗಳು ಗುಣಿಸಿ ಗುಣಿಸಿ ಬೆಳೆಯುತ್ತವೆ; ಹೌದು-ಅಲ್ಲ ಎಂಬ 30 ಗುಂಡಿಗಳಿದ್ದರೆ ಸ್ಥಿತಿಗಳು 107 ಕೋಟಿಯನ್ನು ಮೀರುತ್ತವೆ. ಅದಕ್ಕಿಂತ ದೊಡ್ಡ ಮಾತೆಂದರೆ, ಕರಾರಿನಲ್ಲಿ ಬರೆಯದೆ ಬಿಟ್ಟದ್ದನ್ನು ಯಾವ ಗಣಕವೂ ಶೋಧಿಸಲಾರದು. “ಎರಡು ಬ್ಯಾಂಕುಗಳ ಪುಸ್ತಕ ಕೊನೆಗೆ ತಾಳೆಯಾಗಬೇಕು” ಎಂದು ಬರೆದಿಟ್ಟರೆ ಹಣ ತಿಂಗಳ ಮೇಲೆ ಹಿಂದಿರುಗಿದರೂ ಕರಾರು ಪೂರ್ತಿಯಾದಂತೆಯೇ. ಔಷಧಕ್ಕೆಂದು ಹಣ ತೆಗೆಯಲು ಹೋಗಿ ಬರಿಗೈಯಲ್ಲಿ ಮಳೆಯಲ್ಲಿ ನಿಂತವನು ಆ ಕರಾರಿನಲ್ಲಿ ಎಲ್ಲಿದ್ದಾನೆ? 1983ರಲ್ಲಿ ಬ್ಯಾಂಕುಗಳಿಗೂ ನೌಕರ ಸಂಘಗಳಿಗೂ ಯಂತ್ರಗಳ ಬಗ್ಗೆ ಒಪ್ಪಂದವಾಗಿ, 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದು, 1987ರಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ಎ.ಟಿ.ಎಂ. ಬಂದಿತು. ಮೊದಲು ಕ್ಯಾಶಿಯರನ ಖಿಡಕಿಯಲ್ಲಿ ಹಣ ಬರದಿದ್ದರೆ ಜಗಳವಾಡಲು ಒಬ್ಬ ಮನುಷ್ಯನಾದರೂ ಇರುತ್ತಿದ್ದನು.

ಈ ವಿಷಯದಲ್ಲಿ ಒಳ್ಳೆಯ ಕರಾರು ಬರೆದವರು ಗಣಿತಜ್ಞರಲ್ಲ, ರಿಸರ್ವ್ ಬ್ಯಾಂಕಿನವರು. 2019ರ ಸೆಪ್ಟೆಂಬರಿನ ಸುತ್ತೋಲೆಯ ಪ್ರಕಾರ, ಖಾತೆಯಿಂದ ಕಡಿತವಾಗಿ ಯಂತ್ರದಿಂದ ಬಾರದ ಹಣವನ್ನು ಆ ದಿನದ ಮೇಲೆ 5 ದಿನಗಳೊಳಗೆ, ಗಿರಾಕಿ ದೂರು ಕೊಡಲಿ ಬಿಡಲಿ, ಬ್ಯಾಂಕು ತಾನಾಗಿಯೇ ಹಿಂದಿರುಗಿಸತಕ್ಕದ್ದು. ಮೀರಿದರೆ ದಿನಕ್ಕೆ 100 ರೂಪಾಯಿ ತೆರತಕ್ಕದ್ದು. ಆಲೂರರು ಚೌಕಬಾಣಗಳಿಗೆ ಗಡಿಯಾರ ಕಟ್ಟಿದಂತೆಯೇ ಇದೂ “ಎಂದಾದರೂ” ಎಂಬುದಕ್ಕೆ ಗಡಿಯಾರ ಕಟ್ಟಿದ್ದು. ಅಲ್ಲದೆ ಗಡುವು ಮೀರಿದರೆ ಏನು ಎಂಬುದನ್ನೂ ಬರೆದಿದ್ದಾರೆ.

ಬಾಗಲಕೋಟೆಯ ಹಿರಿಯರು ಪಾಸ್‌ಬುಕ್ಕು ಹಿಡಿದು ಮತ್ತೆ ಬಂದರು. ಮುದ್ರಿಸಿ ನೋಡಿದರೆ ಏಳನೆಯ ದಿನ 5,000 ಜಮೆಯಾಗಿತ್ತು. ಕನ್ನಡಕ ಏರಿಸಿ ಸಾಲುಗಳ ಮೇಲೆ ಬೆರಳಾಡಿಸಿದರು. “ಇದರ ಕೆಳಗ ಇನ್ನೂರು ಬರಬೇಕಲ್ಲೋ ತಮ್ಮಾ? ನೀನs ಹೇಳಿದ್ದಿ” ಎಂದರು. ಇನ್ನೂರು ಬಂದಿರಲಿಲ್ಲ. ಅರ್ಜಿಯ ಕಾಗದ ಕೊಟ್ಟು, ಅವರು ಹೇಳಿದಂತೆ ಬರೆದು, ಸಹಿ ಹಾಕಿಸಿ ನಾನೇ ಕಳುಹಿಸಿದೆನು. ಹನ್ನೊಂದನೆಯ ದಿನ ಆ ಸಾಲೂ ಬಿದ್ದಿತು.